ಕಸದ ಬುಟ್ಟಿಗೆ ತಾರೀಕು ಓದ್ಲಿಕ್ಕೆ ಕಲಿಸಿದ ಕಥೆ

ಜೂನ್ 7

ಪತ್ತನಾಜೆ, ಅಂದ್ರೆ ತಿರುಗಾಟ ಮುಗಿಯುವ ದಿನ, ಕಳೀತು, ಯಕ್ಷಗಾನ ಮೇಳದವ್ರು ಗೆಜ್ಜೆ ಬಿಚ್ಚಿ ಆಯ್ತು, ಇನ್ನು ಮಳೆಗಾಲ ಪೂರ್ತಿ ನಮ್ಗೆ ವೇಷ-ಕುಣಿತ ಇಲ್ಲದೆ ಕೂತು ಮಾಡುವ ತಾಳಮದ್ದಳೆಯೇ ಗತಿ. ತಿರುಗಾಟದ ಸಮಯದಲ್ಲಿ ರೆಕಾರ್ಡ್ ಮಾಡಿ ರಾಶಿ ಹಾಕಿದ್ದನ್ನೆಲ್ಲ ಈಗ ಕತ್ತರಿಸಿ ಕ್ಲೀನ್ ಮಾಡುವ ಅಂತ ಕೂತ್ರೆ ಮೊದಲನೇ ಫೈಲ್ ಎಕ್ಸ್‌ಪೋರ್ಟ್ ಆಗುವಾಗ್ಲೇ ಡಿಸ್ಕ್ ಫುಲ್! 240 ಜಿಬಿ ಎಸ್‌ಎಸ್‌ಡಿ, ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಹುಡುಕಿದ್ರೆ ಟ್ರ್ಯಾಶ್ ಅನ್ನುವ ಕಸದ ಬುಟ್ಟಿ ಒಳಗೇ 71 ಜಿಬಿ ಕೂತಿದೆ. ಡಿಲೀಟ್ ಮಾಡಿದ್ದೇನೆ ಅಂತ ನಾನು ಆರಾಮಾಗಿದ್ದೆ, ಅದು ಬರೀ ಪಕ್ಕದ ಕೋಣೆಗೆ ಹೋಗಿ ಮಲಗಿತ್ತು.

ಇಷ್ಟು ಯಾಕೆ ಅಂದ್ರೆ ನಾನು ರೆಕಾರ್ಡ್ ಮಾಡೋದು 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್, ಅಂದ್ರೆ ಕುಗ್ಗಿಸದ ಆಡಿಯೋ ಫೈಲ್. ನಿಮಿಷಕ್ಕೆ 17 ಎಂಬಿ ಚಿಲ್ಲರೆ, ಗಂಟೆಗೆ 1 ಜಿಬಿ ದಾಟುತ್ತೆ. ನಾಲ್ಕು ಗಂಟೆಯ ತಾಳಮದ್ದಳೆ ಕೂಟ ಅಂದ್ರೆ 4 ಜಿಬಿ, ಅದನ್ನ ಕತ್ತರಿಸಿದ ಕಾಪಿ ಒಂದು, ಸೌಂಡ್ ಸರಿ ಮಾಡಿದ ಕಾಪಿ ಇನ್ನೊಂದು, ಕೊನೆಗೆ ಎಂಪಿ3 ಒಂದು ಇಟ್ಕೊಂಡು ಉಳಿದದ್ದೆಲ್ಲ ಬುಟ್ಟಿಗೆ.

ಗ್ನೋಮ್ ಡೆಸ್ಕ್‌ಟಾಪ್ ಇದ್ದವ್ರಿಗೆ ಸೆಟ್ಟಿಂಗ್ಸ್‌ನ ಪ್ರೈವಸಿಯಲ್ಲೇ ಬುಟ್ಟಿಯ ಹಳೇ ಕಸ ತಾನಾಗಿ ಹೋಗ್ಲಿಕ್ಕೆ ಒಂದು ಸ್ವಿಚ್ ಉಂಟು, ಆನ್ ಮಾಡಿ ದಿನ ಆರಿಸಿದ್ರೆ ಆಯ್ತು. ವಿಂಡೋಸ್ 10ರಲ್ಲಿ ಸ್ಟೋರೇಜ್ ಸೆನ್ಸ್ ಅಂತ ಉಂಟು. ನಂದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಅದ್ರಲ್ಲಿ ಅಂಥದ್ದು ಎಲ್ಲೂ ಕಾಣ್ಲಿಲ್ಲ. ಸರಿ, ನಾವೇ ಬರೆಯುವ, ಒಂದು ಲೈನ್ ಅಲ್ವಾ ಅಂದ್ಕೊಂಡೆ.

ಜೂನ್ 8

ಒಂದೇ ಲೈನ್ ಹೌದು. ಫೈಲ್ ಹುಡುಕುವ ಫೈಂಡ್ ಕಮಾಂಡ್, ಟ್ರ್ಯಾಶ್ ಫೋಲ್ಡರ್, ಎಂಟೈಮ್ ಅನ್ನುವ ತಾರೀಕು 30 ದಿನಕ್ಕಿಂತ ಹಳೇದು, ಡಿಲೀಟ್. ನಿನ್ನೆಯೇ ಅದನ್ನ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿ ರಾತ್ರಿ 9ಕ್ಕೆ ದಿನಾ ಓಡು ಅಂದೆ. ಇವತ್ತು ನೋಡಿದ್ರೆ 60 ಜಿಬಿ ಖಾಲಿ ಆಗಿತ್ತು, ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಇನ್ನೊಂದು ಲೋಟ ಚಾ ಕುಡಿದೆ.

ಜೂನ್ 11

ಕೆಟ್ಟೆ.

ನಿನ್ನೆ ಫೋಲ್ಡರ್ ಒಪ್ಪ ಮಾಡುವಾಗ ಕೈತಪ್ಪಿ 2018ರ ಒಂದು ಕರ್ಣಪರ್ವ ಕೂಟದ ವೇವ್ ಬುಟ್ಟಿಗೆ ಹೋಗಿದೆ, ಗೊತ್ತೇ ಆಗ್ಲಿಲ್ಲ. ಇವತ್ತು ಬೆಳಿಗ್ಗೆ ಮಾವ ಅದೇ ಬೇಕು ಅಂತ ಫೋನ್ ಮಾಡಿದ್ರು, ಹುಡುಕಿದ್ರೆ ಇಲ್ಲ. ಬುಟ್ಟಿಯಲ್ಲಿರ್ಬೇಕು ಅಂತ ನೋಡಿದ್ರೆ ಅಲ್ಲೂ ಇಲ್ಲ. "ಎಂತ ಮಾರಾಯ, ನಿನ್ನೆ ಬಿಸಾಡಿದ್ದು ಇವತ್ತೇ ಕಾಣೆಯಾ, ಮೂವತ್ತು ದಿನ ಇರ್ತದೆ ಅಂದಿದ್ದೆ ಅಲ್ಲ ನೀನು" ಅಂತ ಮಾವ.

ಆಮೇಲೆ ತಲೆಗೆ ಹತ್ತಿತು. ಎಂಟೈಮ್ ಅಂದ್ರೆ ಫೈಲಿನ ಒಳಗಿನದ್ದು ಕೊನೆಗೆ ಯಾವಾಗ ಬದಲಾಯ್ತು ಅನ್ನುವ ಸಮಯ. ಫೈಲನ್ನ ಬುಟ್ಟಿಗೆ ಹಾಕಿದ್ರೆ ಅದು ಜಾಗ ಮಾತ್ರ ಬದಲಾಯಿಸ್ತದೆ, ಎಂಟೈಮ್ ಹಾಗೇ ಇರ್ತದೆ. 2018ರಲ್ಲಿ ರೆಕಾರ್ಡ್ ಆದ ಫೈಲು ಬುಟ್ಟಿಗೆ ಬೀಳುವಾಗ್ಲೇ ಏಳು ವರ್ಷದ ಮುದುಕ, ರಾತ್ರಿ 9 ಆಯ್ತು, ಸ್ಕ್ರಿಪ್ಟ್ ಬಂತು, ಮುಗೀತು. ಇನ್ನೊಂದು ತಮಾಷೆ ಅಂದ್ರೆ ನನ್ನ ರೆಕಾರ್ಡರ್‌ದು ಬ್ಯಾಟರಿ ತೆಗೆದಿಟ್ರೆ ಗಡಿಯಾರ ಹಿಂದೆ ಹೋಗಿ ಕೂರ್ತದೆ, ಕಳೆದ ವಾರ ರೆಕಾರ್ಡ್ ಮಾಡಿದ್ದರ ಮೇಲೂ ಎಷ್ಟೋ ವರ್ಷ ಹಿಂದಿನ ತಾರೀಕು. ನನ್ನ ಸ್ಕ್ರಿಪ್ಟ್ ಪ್ರಕಾರ ನಮ್ಮನೇಲಿ ಹೊಸ ಫೈಲೇ ಇಲ್ಲ.

ಮಾವನ ಮೊಬೈಲಲ್ಲೇ ನಾನು ಹಿಂದೊಮ್ಮೆ ಕಳಿಸಿದ್ದ ಎಂಪಿ3 ಸಿಕ್ತು ಅನ್ನೋದು ಪುಣ್ಯ. ಮಾತು ಕೇಳ್ತದೆ, ಚೆಂಡೆಯ ಸೌಂಡು ಮಾತ್ರ ತಗಡು ಬಡಿದ ಹಾಗೆ.

ಜೂನ್ 12

ಬುಟ್ಟಿಯ ಹೊಟ್ಟೆಯೊಳಗೆ ನೋಡಿದೆ, ಇದನ್ನ ಮೊದಲೇ ನೋಡ್ಬೇಕಿತ್ತು. ಹೋಮ್ ಒಳಗೆ ಡಾಟ್ ಲೋಕಲ್, ಶೇರ್, ಟ್ರ್ಯಾಶ್. ಅದರೊಳಗೆ ಎರಡು ಫೋಲ್ಡರ್ ಮುಖ್ಯ, ಫೈಲ್ಸ್ ಮತ್ತು ಇನ್ಫೋ. ಬಿಸಾಡಿದ ವಸ್ತು ಫೈಲ್ಸ್‌ಗೆ ಹೋಗ್ತದೆ, ಇನ್ಫೋದಲ್ಲಿ ಅದೇ ಹೆಸರಿಗೆ ಟ್ರ್ಯಾಶ್‌ಇನ್ಫೋ ಅಂತ ಬಾಲ ಸೇರಿಸಿ ಮೂರು ಸಾಲಿನ ಒಂದು ಚೀಟಿ ಹುಟ್ತದೆ, ಮೊದಲ ಸಾಲು ತಲೆಬರಹ, ಎರಡನೇದು ಎಲ್ಲಿಂದ ಬಂತು ಅಂತ, ಮೂರನೇದು ಯಾವಾಗ ಬಿಸಾಡಿದ್ದು ಅಂತ. ನನಗೆ ಬೇಕಾದ ತಾರೀಕು ಮೊದಲಿಂದ್ಲೂ ಅಲ್ಲೇ ಕೂತಿತ್ತು!

ಎರಡನೇ ಸಾಲು ಓದ್ಲಿಕ್ಕೆ ಹೋದ್ರೆ ಮಾತ್ರ ಕಣ್ಣು ಕತ್ತಲೆ. ನಾನು ಫೈಲಿಗೆಲ್ಲ ಕನ್ನಡದಲ್ಲೇ ಹೆಸರಿಡೋದು, ಅದನ್ನ ಅದು ಪರ್ಸೆಂಟ್ ಹಾಕಿ ಬರೀತದೆ, ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಕೊಂಬು ದೀರ್ಘಕ್ಕೂ ಮೂರು ಬೈಟ್, ಒಂದೊಂದು ಬೈಟಿಗೆ ಪರ್ಸೆಂಟ್ ಸೇರಿ ಮೂರು ಚಿಹ್ನೆ, ಅಂದ್ರೆ ಬರೀ ಒಂದು 'ತ' ಬರೀಲಿಕ್ಕೆ ಒಂಬತ್ತು. ತಾಳಮದ್ದಳೆ ಅಂತ ಬರೆದ್ರೆ ರೈಲು ಹೋದ ಹಾಗೆ ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಎ ನಾಲ್ಕು, ಮತ್ತೆ ಪರ್ಸೆಂಟ್ ಇ ಸೊನ್ನೆ...

ಸಿಟೈಮ್ (ಫೈಲಿನ ವಿವರ ಕೊನೆಗೆ ಬದಲಾದ ಸಮಯ) ಬಳಸಿದ್ರೆ ಹೇಗೆ ಅಂತಲೂ ಟ್ರೈ ಮಾಡಿದೆ, ನನ್ನ ಡಿಸ್ಕಿನ ಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಫೈಲ್ ಜಾಗ ಬದಲಾಯಿಸಿದ್ರೆ ಅದು ಹೊಸದಾಗ್ತದೆ. ಬಿಡಿ ಫೈಲಿಗೆ ಸರಿಯಾಯ್ತು. ಇಡೀ ಫೋಲ್ಡರ್ ಬಿಸಾಡಿದ್ರೆ ಮೇಲಿನ ಫೋಲ್ಡರ್‌ದು ಮಾತ್ರ ಹೊಸದು, ಒಳಗಿನ ಫೈಲುಗಳದ್ದು ಹಳೇದೇ. ಸಿಪ್ಪೆ ಇಟ್ಟು ಹಣ್ಣು ತಿಂದ ಹಾಗೆ. ಬೇಡ.

ಜೂನ್ 13

ಟ್ರ್ಯಾಶ್-ಸಿಎಲ್‌ಐ ಅಂತ ಒಂದು ಪೈಥಾನ್ ಟೂಲ್ ಉಂಟು, ಹಾಕಿದೆ. ಅದು ಆ ಚೀಟಿಗಳನ್ನೇ ಓದೋದು. ಟ್ರ್ಯಾಶ್-ಎಂಪ್ಟಿ ಅಂತ ಬರೆದು ಪಕ್ಕದಲ್ಲಿ 30 ಹಾಕಿದ್ರೆ ಬಿಸಾಡಿ 30 ದಿನ ದಾಟಿದ್ದು ಮಾತ್ರ ಹೋಗ್ತದೆ. ನಾನು ಕೈಯಲ್ಲಿ ಬರೆಯುವ ಅಂತಿದ್ದದ್ದನ್ನೆಲ್ಲ ಯಾರೋ ಮೊದಲೇ ಬರೆದಿಟ್ಟಿದ್ದಾರೆ, ಕನ್ನಡ ಹೆಸರೂ ಸರಿಯಾಗಿ ಬಿಡಿಸಿ ತೋರಿಸ್ತದೆ.

ಟ್ರ್ಯಾಶ್-ಲಿಸ್ಟ್ ಓಡಿಸಿದ್ರೆ ಲಿಸ್ಟಲ್ಲಿ ನನ್ನ ಕರ್ಣಪರ್ವ! ಜೂನ್ 10, ಸಂಜೆ, ಪೂರ್ತಿ ಹೆಸರು. ಎದೆ ಧಸಕ್ಕಂತು. ರಿಸ್ಟೋರ್ ಕೊಟ್ಟೆ, ಅಂಥ ಫೈಲೇ ಇಲ್ಲ ಅಂತ ಬೈದು ಹೊರಗೆ ಹಾಕ್ತು. ನನ್ನ ಒಂದು ಲೈನಿನ ಸ್ಕ್ರಿಪ್ಟ್ ಫೈಲ್ಸ್ ಫೋಲ್ಡರನ್ನ ಮಾತ್ರ ಗುಡಿಸಿತ್ತು, ಇನ್ಫೋದ ಚೀಟಿಗಳು ಹಾಗೇ ಉಳಿದಿದ್ವು, ಲಿಸ್ಟ್ ಓದೋದು ಚೀಟಿಯನ್ನ. ಅಂಥ ಅನಾಥ ಚೀಟಿ ಒಟ್ಟು 142. ಹಳೇದು ಎಂಪ್ಟಿ ಮಾಡುವಾಗ ಹೋಯ್ತು, ಜೂನ್‌ದು ಉಳೀತು.

ಜೂನ್ 19

ಐದು ದಿನದಿಂದ ಸಂಜೆ ಆದ್ರೆ ಕರೆಂಟಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷದ್ದು. ಟ್ರ್ಯಾಶ್-ಎಂಪ್ಟಿಯನ್ನ ಕ್ರಾನ್‌ಗೇ ಹಾಕಿದ್ದೆ, ಅದಕ್ಕೆ 9 ಗಂಟೆ ಅಂದ್ರೆ 9 ಗಂಟೆ, ಆವಾಗ ಮೆಷಿನ್ ಆಫ್ ಇದ್ರೆ ಆವತ್ತಿನ ಕೆಲಸ ಹೋಯ್ತು, ಮತ್ತೆ ನೆನಪಿಟ್ಟು ಮಾಡೋದಿಲ್ಲ. ಮೇಲಿಂದ ಲಾಗ್ ಫೈಲಿಗೆ ತಾರೀಕಿನ ಹೆಸರು ಬರಲಿ ಅಂತ ಡೇಟ್ ಕಮಾಂಡ್ ಸೇರಿಸಿದ್ದೆ, ಅದ್ರಲ್ಲಿ ಪರ್ಸೆಂಟ್ ಉಂಟಲ್ಲ, ಕ್ರಾನ್‌ಟ್ಯಾಬ್ (ಕ್ರಾನ್‌ನ ಪಟ್ಟಿ) ಒಳಗೆ ಪರ್ಸೆಂಟ್ ಅಂದ್ರೆ ಹೊಸ ಸಾಲು ಅಂತ ಅರ್ಥವಂತೆ, ಕಮಾಂಡ್ ಅರ್ಧಕ್ಕೇ ಮುರೀತು. ಈ ಪರ್ಸೆಂಟಿಗೂ ನನಗೂ ಯಾವ ಜನ್ಮದ ದ್ವೇಷವೋ.

ಕ್ರಾನ್ ಬಿಟ್ಟು ಸಿಸ್ಟಮ್‌ಡಿ ಟೈಮರ್‌ಗೆ ಬಂದೆ, ಅದೂ ಹೇಳಿದ ಹೊತ್ತಿಗೆ ಕೆಲಸ ಓಡಿಸುವಂಥದ್ದೇ. ಎರಡು ಪುಟ್ಟ ಫೈಲು, ಏನು ಓಡಿಸ್ಬೇಕು ಅಂತ ಒಂದು, ಯಾವಾಗ ಅಂತ ಇನ್ನೊಂದು. ಯಾವಾಗ ಅನ್ನೋದರಲ್ಲಿ ಡೈಲಿ ಅಂತ ಹಾಕಿ ಕೆಳಗೆ ಪರ್ಸಿಸ್ಟೆಂಟ್ ಟ್ರೂ ಅಂದ್ರೆ ತಪ್ಪಿಹೋದದ್ದನ್ನ ಮುಂದಿನ ಸಲ ಲಾಗಿನ್ ಆದ ಕೂಡ್ಲೇ ಓಡಿಸ್ತದೆ. ಲಾಗ್ ಸಿಸ್ಟಮ್‌ಡಿಯ ಜರ್ನಲ್‌ಗೇ ಹೋಗ್ತದೆ, ತಾರೀಕು ಅದೇ ಹಾಕ್ಕೊಳ್ತದೆ, ಪರ್ಸೆಂಟ್ ಸಹವಾಸ ತಪ್ಪಿತು.

ಜುಲೈ 2

ಮಾವ ಹೇಳೋದು ಮೂರು ತಿಂಗಳು ಇಡು ಅಂತ. ಲೆಕ್ಕ ಹಾಕಿದೆ. ವಾರಕ್ಕೊಂದು ಕೂಟ, ಒಂದರಿಂದ ಸುಮಾರು 10 ಜಿಬಿ ಬುಟ್ಟಿಗೆ, 30 ದಿನಕ್ಕೆ 43 ಜಿಬಿ ಹತ್ರ, 90 ದಿನಕ್ಕೆ 130 ಜಿಬಿ. ಅಷ್ಟು ಜಾಗ ಇದ್ರೆ ನಾನು ಬಿಸಾಡುವುದೇ ಇಲ್ಲ ಮಾವಯ್ಯ. 30ಕ್ಕೇ ಇಟ್ಟೆ.

ಜುಲೈ 13

ಇವತ್ತು ಲಿಸ್ಟ್ ನೋಡಿದೆ, ಕರ್ಣಪರ್ವದ ಚೀಟಿ ಇಲ್ಲ. 30 ದಿನ ತುಂಬಿತ್ತು, ಟೈಮರ್ ಸರಿಯಾಗೇ ಕೆಲಸ ಮಾಡಿದೆ.

ಬಾಕಿ ಉಳಿದದ್ದು ಹೊರಗಿನ ಹಾರ್ಡ್‌ಡಿಸ್ಕ್. ಅದಕ್ಕೆ ಅದರದ್ದೇ ಬುಟ್ಟಿ, ಡಿಸ್ಕಿನ ಬುಡದಲ್ಲೇ ಡಾಟ್ ಟ್ರ್ಯಾಶ್ 1000 ಅಂತ ಅಡಗಿರ್ತದೆ, ಆ 1000 ನನ್ನ ಯೂಸರ್ ನಂಬರು. ಪೆನ್‌ಡ್ರೈವಲ್ಲಿ ಎಷ್ಟು ಡಿಲೀಟ್ ಮಾಡಿದ್ರೂ ಜಾಗ ಖಾಲಿ ಆಗೋದಿಲ್ಲ ಅಂತ ಮೊದಲೆಲ್ಲ ಬೈತಿದ್ದದ್ದು ಇದಕ್ಕೇ. ಚುಚ್ಚಿಟ್ಟಿದ್ರೆ ಟ್ರ್ಯಾಶ್-ಎಂಪ್ಟಿ ಅದನ್ನೂ ನೋಡ್ತದೆ, ಆದ್ರೆ ನಾನು ಅದನ್ನ ಚುಚ್ಚೋದು ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ, ಆಗ ಟೈಮರ್ ಓಡಿ ಮುಗ್ದಿರ್ತದೆ. ಸದ್ಯಕ್ಕೆ ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ "ಬುಟ್ಟಿ ಖಾಲಿ ಮಾಡು" ಅಂತ ಬರೆದಿದ್ದೇನೆ, ಪೆನ್ನಲ್ಲಿ.