ಮೈಯೆಲ್ಲ ನೋಯುವಾಗ ನಡೆಯಿರಿ ಎನ್ನುವುದೇಕೆ?

ಫೈಬ್ರೊಮಯಾಲ್ಜಿಯಾ, ಅಂದರೆ ತಿಂಗಳುಗಟ್ಟಲೆ ಮೈಯೆಲ್ಲ ನೋಯುವ ಕಾಯಿಲೆ, ಎಂದು ವೈದ್ಯರು ಹೇಳಿದ ಮೇಲೆ ಫಿಸಿಯೊಥೆರಪಿಗೆಂದು ನನ್ನಲ್ಲಿಗೆ ಬರುವವರು ಸಾಮಾನ್ಯವಾಗಿ ಮೊದಲ ದಿನವೇ ಕೇಳುವ ಪ್ರಶ್ನೆ ಇದು: "ಮೇಡಂ, ಎದ್ದು ಕೂರುವುದಕ್ಕೂ ಆಗದಷ್ಟು ಸುಸ್ತು, ಅಡಿಯಿಂದ ಮುಡಿಯವರೆಗೆ ನೋವು. ಇಂಥದ್ದರಲ್ಲಿ ನಡೆಯಿರಿ, ವ್ಯಾಯಾಮ ಮಾಡಿ ಎನ್ನುತ್ತೀರಲ್ಲ?" ಜ್ವರ ಬಂದರೂ ಕಾಲು ಉಳುಕಿದರೂ ಮಲಗಿ ಸುಧಾರಿಸಿಕೊಳ್ಳಬೇಕೆಂದೇ ಕೇಳಿ ಬೆಳೆದ ನಮಗೆ ಈ ಸಲಹೆ ವಿಚಿತ್ರವಾಗಿ, ಕೆಲವೊಮ್ಮೆ ಕ್ರೂರವಾಗಿಯೂ ಕಾಣುತ್ತದೆ.

ಉತ್ತರವಿರುವುದು ಈ ನೋವು ಹುಟ್ಟುವ ಬಗೆಯಲ್ಲಿ. ರುಮಟಾಯ್ಡ್ ಸಂಧಿವಾತದಲ್ಲಿ ಕೀಲುಗಳು ಊದಿಕೊಳ್ಳುತ್ತವೆ, ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಇಎಸ್‌ಆರ್, ಸಿಆರ್‌ಪಿ ಸಾಮಾನ್ಯವಾಗಿ ಏರಿರುತ್ತವೆ, ಚಿಕಿತ್ಸೆಯಿಲ್ಲದಿದ್ದರೆ ಕೀಲು ಸವೆದು ವಿಕಾರವಾಗುತ್ತದೆ. ಫೈಬ್ರೊಮಯಾಲ್ಜಿಯಾದಲ್ಲಿ ಇದಾವುದೂ ನಡೆಯುವುದಿಲ್ಲ. ಇಲ್ಲಿ ಬದಲಾಗಿರುವುದು ನೋವಿನ ಸಂಕೇತಗಳನ್ನು ಬೆನ್ನುಹುರಿ ಮತ್ತು ಮಿದುಳು ನಿಭಾಯಿಸುವ ರೀತಿ. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 16 ರೋಗಿಗಳ ಮತ್ತು 16 ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಒತ್ತುತ್ತ ಮಿದುಳಿನ ಎಂಆರ್‌ಐ ಚಿತ್ರಗಳನ್ನು ತೆಗೆದರು. ಆರೋಗ್ಯವಂತರಿಗೆ ಬೇಕಾದ ಒತ್ತಡದ ಸುಮಾರು ಅರ್ಧದಷ್ಟಕ್ಕೇ ರೋಗಿಗಳಿಗೆ ಅಷ್ಟೇ ನೋವಾಯಿತು, ಮಿದುಳಿನ ಅವೇ ಭಾಗಗಳು ಚುರುಕಾದವು. ಅದೇ ಕಡಿಮೆ ಒತ್ತಡಕ್ಕೆ ಆರೋಗ್ಯವಂತರ ಮಿದುಳು ಹೆಚ್ಚೇನೂ ಸ್ಪಂದಿಸಲಿಲ್ಲ. "ರಿಪೋರ್ಟ್ ಎಲ್ಲ ನಾರ್ಮಲ್, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಎನ್ನುವ ಮನೆಯವರಿಗೆ ನಾನು ಈ ಅಧ್ಯಯನದ ಬಗ್ಗೆ ಹೇಳುವುದುಂಟು.

ಹಾಗಾಗಿ ನಡೆದಾಗ ನೋವಾದರೂ ಒಳಗೆ ಏನೋ ಹರಿದುಹೋಗುತ್ತಿದೆ ಎಂದು ಹೆದರಬೇಕಾಗಿಲ್ಲ. ಆ ಹೆದರಿಕೆಯಿಂದ ಮಲಗಿಯೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಹಗಲಿನ ಮಂಪರಿನಿಂದ ರಾತ್ರಿಯ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ನೋವು ತಾಳುವ ಶಕ್ತಿ ಇನ್ನಷ್ಟು ಕುಗ್ಗುತ್ತದೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿದಾಗ ಬಲವಾದ ಶಿಫಾರಸು ಪಡೆದದ್ದು ವ್ಯಾಯಾಮವೊಂದೇ.

ಆದರೆ ಎಷ್ಟು ವ್ಯಾಯಾಮ ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ವಾರವೆಲ್ಲ ನರಳಿದವರಿಗೆ ಒಂದು ಬೆಳಗ್ಗೆ ಮೈ ಹಗುರವೆನಿಸುತ್ತದೆ. ಯುಗಾದಿ ಬೇರೆ ಹತ್ತಿರವಿರುತ್ತದೆ. ಅಟ್ಟದ ಧೂಳು, ಪರದೆ, ಡಬ್ಬಿಗಳು ಎಲ್ಲವನ್ನೂ ಅಂದೇ ಮುಗಿಸಿ ಮುಂದಿನ ಮೂರು ದಿನ ಹಾಸಿಗೆ ಹಿಡಿಯುತ್ತಾರೆ, ಬಳಿಕ ವ್ಯಾಯಾಮವೇ ತಮಗೆ ಆಗದೆಂದು ತೀರ್ಮಾನಿಸುತ್ತಾರೆ. ನಾನು ಕೇಳುವುದು ಇಷ್ಟೇ: ತೀರಾ ಕೆಟ್ಟ ದಿನದಲ್ಲೂ ಎಷ್ಟು ನಡೆಯಬಲ್ಲಿರೋ ಅಲ್ಲಿಂದ ಆರಂಭಿಸಿ, ಅದು ಐದೇ ನಿಮಿಷವಾದರೂ ಸರಿ, ಒಳ್ಳೆಯ ದಿನದಲ್ಲಿಯೂ ಅದನ್ನು ಮೀರಬೇಡಿ. ಒಂದೆರಡು ವಾರ ಅದು ಒಗ್ಗಿದ ಮೇಲೆ ಒಂದೋ ಎರಡೋ ನಿಮಿಷ ಸೇರಿಸಿ. ಮೊದಲ ವಾರಗಳಲ್ಲಿ ನೋವು ತುಸು ಹೆಚ್ಚುವುದು ನಿರೀಕ್ಷಿತವೇ, ಆದರೆ ಅದು ಎರಡು ದಿನ ಕಳೆದರೂ ಇಳಿಯದಿದ್ದರೆ ಪ್ರಮಾಣ ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಬೇಕು, ನಿಲ್ಲಿಸಬಾರದು. ನಡಿಗೆ ಬೇಸರವೆನಿಸುವವರಿಗೆ ನಿಧಾನಗತಿಯ ಯೋಗಾಭ್ಯಾಸವಾದೀತು. ಯಾವ ವ್ಯಾಯಾಮ ಶ್ರೇಷ್ಠ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ, ಆರು ತಿಂಗಳ ನಂತರವೂ ಮಾಡುತ್ತಿರುವಂಥದ್ದಾದರೆ ಸಾಕು.

ಔಷಧಗಳ ಬಗ್ಗೆ ತೀರ್ಮಾನ ವೈದ್ಯರದು. ಒಂದು ಗೊಂದಲವನ್ನು ಮಾತ್ರ ಇಲ್ಲಿ ಬಿಡಿಸಬಯಸುತ್ತೇನೆ. ಡುಲೋಕ್ಸೆಟಿನ್ ಅಥವಾ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ ಅದು ಖಿನ್ನತೆಯ ಮಾತ್ರೆಯೆಂದೂ, ಪ್ರಿಗಾಬಾಲಿನ್ ಕೊಟ್ಟರೆ ಫಿಟ್ಸ್ ಮಾತ್ರೆಯೆಂದೂ ಮೊಬೈಲಿನಲ್ಲಿ ಓದಿ ಸದ್ದಿಲ್ಲದೆ ಬಿಟ್ಟುಬಿಡುವವರಿದ್ದಾರೆ. ನೋವಿನ ಸಂಕೇತಗಳನ್ನು ತಗ್ಗಿಸಲು ಅಥವಾ ನಿದ್ದೆ ಸುಧಾರಿಸಲು ಅವುಗಳನ್ನು ಕೊಟ್ಟಿರುತ್ತಾರೆ. ಕೆಲವರಿಗೆ ಸಾಕಷ್ಟು, ಕೆಲವರಿಗೆ ಅಷ್ಟಕ್ಕಷ್ಟೇ ಉಪಯೋಗವಾಗುತ್ತದೆ, ಆದರೆ ತಾವಾಗಿಯೇ ಥಟ್ಟನೆ ನಿಲ್ಲಿಸುವುದು ಒಳ್ಳೆಯದಲ್ಲ. ಇನ್ನೊಂದೆಡೆ, ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಈ ನೋವಿಗೆ ಹೆಚ್ಚಿನ ಪ್ರಯೋಜನವಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯವಂತೂ ಇದೆ.

ಇಷ್ಟೆಲ್ಲ ಅನ್ವಯಿಸುವುದು ರೋಗ ಸರಿಯಾಗಿ ಗುರುತಾದವರಿಗೆ. ಮೂರು ತಿಂಗಳಿಗೂ ಮೀರಿ ಮೈಯ ಹಲವು ಭಾಗಗಳಲ್ಲಿ ನೋವು, ಅದರೊಡನೆ ಆಯಾಸ, ಎದ್ದಾಗಲೂ ತೀರದ ನಿದ್ದೆ, ತಲೆಗೆ ಕವಿದ ಮಂಕು ಇದ್ದರೆ ವೈದ್ಯರು ಇದನ್ನು ಅನುಮಾನಿಸುತ್ತಾರೆ. ಥೈರಾಯ್ಡ್ ಕೊರತೆಯಂಥ ಬೇರೆ ಕಾರಣಗಳನ್ನೂ ಪರೀಕ್ಷಿಸುತ್ತಾರೆ. ಸಂಧಿವಾತ ಮತ್ತು ಫೈಬ್ರೊಮಯಾಲ್ಜಿಯಾ ಒಬ್ಬರಲ್ಲೇ ಇರುವುದೂ ಉಂಟು. ಆದ್ದರಿಂದ ಕೀಲು ಊದಿಕೊಂಡರೆ, ಬಿಡದೆ ಜ್ವರ ಕಾಡಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಒಂದು ಕೈ ಅಥವಾ ಕಾಲಿನ ಬಲ ಕುಂದಿದರೆ ಅದನ್ನು ಹಳೆಯ ನೋವಿನ ಲೆಕ್ಕಕ್ಕೆ ಸೇರಿಸದೆ, ನನ್ನಲ್ಲಿಗೂ ಬರದೆ, ನೇರವಾಗಿ ವೈದ್ಯರನ್ನು ಕಾಣಿರಿ.