ಡಂಬೆಲ್ ಎತ್ತಿದರೆ ಗಂಡು ಸಿಗಲ್ಲವಂತೆ

ದಪ್ಪಗಿರೋ ಹುಡುಗಿಗೆ ಹಾಸನದಲ್ಲಿ ಎಲ್ಲರೂ ಪುಕ್ಕಟೆಯಾಗಿ ಕೊಡೋ ಸಲಹೆ ಒಂದೇ: ವಾಕಿಂಗ್ ಹೋಗು. ಪಕ್ಕದ ಮನೆ ಆಂಟಿ ಹೇಳಿದ್ರು, ಬ್ಲೌಸಿನ ಅಳತೆ ತಗೊಳ್ತಾ ಟೈಲರ್ ಅಕ್ಕನೂ ಹೇಳಿದ್ರು. ಹೋದೆ. ಮಹಾರಾಜ ಪಾರ್ಕಿನಲ್ಲಿ ಸುತ್ತು ಹಾಕಿ ಹಾಕಿ, ಯಾವ ಬೆಂಚಿನ ಅಂಕಲ್‌ಗೆ ಶುಗರ್ ಎಷ್ಟಿದೆ ಅನ್ನೋದೂ ಗೊತ್ತಾಯ್ತು. ಉಸಿರಾಟ ಸುಧಾರಿಸ್ತು, ಇಲ್ಲ ಅನ್ನಲ್ಲ. ಮೆಟ್ಟಿಲು ಹತ್ತುವಾಗ ಮಂಡಿ ಮಾತ್ರ ಹಾಗೇ ಕಿರಿಕಿರಿ ಮಾಡ್ತಿತ್ತು.

ನನ್ನ ಎತ್ತರ 5 ಅಡಿ 2 ಇಂಚು. ಆಗಿನ ತೂಕ 72 ಕೆಜಿ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 29. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಲೆಕ್ಕದಲ್ಲಿ ಬೊಜ್ಜು ಅನ್ನಿಸಿಕೊಳ್ಳೋಕೆ 30 ಆಗಬೇಕು; ನಮ್ಮ ದೇಶದ ಡಾಕ್ಟರುಗಳು 25ಕ್ಕೇ ಹಾಗನ್ನುತ್ತಾರೆ. ಅಷ್ಟೇ ತೂಕಕ್ಕೆ ನಮ್ಮವರ ಮೈಯಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅಂದರೆ ಅಮೆರಿಕದಲ್ಲಿ ಹುಟ್ಟಿದ್ದರೆ ಬರೀ 'ಸ್ವಲ್ಪ ದಪ್ಪ' ಅನ್ನಿಸಿಕೊಂಡು ಬಚಾವಾಗ್ತಿದ್ದೆ. ನನ್ನ ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪೋ ತೊಂದರೆ) ರಿಪೋರ್ಟ್ ನೋಡಿದ ಡಾಕ್ಟರು, "ನಡೆಯೋದರ ಜೊತೆಗೆ ತೂಕಾನೂ ಎತ್ತಮ್ಮಾ" ಅಂದ್ರು.

ಮನೆಯಲ್ಲಿ ಗಲಾಟೆ. "ತೋಳೆಲ್ಲ ಗಂಡಸ್ರ ಥರ ಆದ್ರೆ ಯಾವ ಗಂಡು ಒಪ್ತಾನೆ ಕಣೆ?" ಅಂತ ಅಮ್ಮ. ಮೂಲೆಯಲ್ಲಿ ಅವರೆಕಾಳು ಸುಲೀತಿದ್ದ ಅಜ್ಜಿ ತಲೆ ಎತ್ತದೇ ಸೊಸೆಗೆ ಹೇಳಿದ್ದು: "ತಲೆ ಮೇಲೊಂದು, ಸೊಂಟದ ಮೇಲೊಂದು ಬಿಂದಿಗೆ ಹೊತ್ತೋಳು ನಾನು. ನಿಮ್ಮಾವ ಬುಟ್ಟು ಓಡೋದ್ರಾ?" ಕೇಸ್ ಅಲ್ಲಿಗೆ ಖುಲಾಸೆ.

ಅಮ್ಮನ ಭಯಕ್ಕೆ ಆಧಾರವೂ ಇಲ್ಲ. ತೋಳು ಹಾಗೆ ಉಬ್ಬೋಕೆ ಬೇಕಾದ ಟೆಸ್ಟೋಸ್ಟಿರಾನ್ ಅನ್ನೋ ಹಾರ್ಮೋನ್ ಹೆಂಗಸರಲ್ಲಿ ಗಂಡಸರಿಗಿಂತ ತುಂಬಾ ಕಡಿಮೆ. ಪಿಸಿಓಡಿಯಲ್ಲಿ ಸ್ವಲ್ಪ ಏರಿದರೂ ಆ ಮಟ್ಟಕ್ಕೆ ಹೋಗಲ್ಲ. ನನ್ನಂಥವರ ನಿಜವಾದ ತೊಂದರೆ ಇನ್ಸುಲಿನ್ ಮಾತನ್ನ ಮೈ ಸರಿಯಾಗಿ ಕೇಳದೇ ಇರೋದು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಅಪ್ಪಣೆಗೆ ಕಾಯದೆ ರಕ್ತದ ಸಕ್ಕರೆಯನ್ನ ಒಳಗೆ ಎಳೆದುಕೊಳ್ಳುತ್ತೆ. ಬರೀ ಊಟ ಬಿಟ್ಟು ಸಣ್ಣ ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ತೂಕ ಎತ್ತಿದರೆ ಅದು ಉಳಿಯುತ್ತೆ. ಹೃದಯಕ್ಕೆ, ಹೊಟ್ಟೆಯೊಳಗಿನ ಕೊಬ್ಬಿಗೆ ಬಿರುಸು ನಡಿಗೆಯೂ ಬೇಕೇ ಬೇಕು.

ಜಿಮ್ಮಿನ ಹುಡುಗ ಇನ್ನೊಂದು ಹುಳ ಬಿಟ್ಟ: "ಕಾರ್ಡಿಯೋ ಮಾಡಿದ್ರೆ ಮಸಲ್ ಹೋಗುತ್ತೆ ಸಿಸ್ಟರ್." ಕಾರ್ಡಿಯೋ ಅಂದ್ರೆ ನಡಿಗೆ, ಓಟ, ಸೈಕಲ್ ಥರದ ಎದೆಬಡಿತ ಏರಿಸೋ ವ್ಯಾಯಾಮ. ಈ ಮಾತಿಗೆ ಮೂಲ ಇದೆ. 1980ರಲ್ಲಿ ರಾಬರ್ಟ್ ಹಿಕ್ಸನ್ ಅನ್ನೋ ವಿಜ್ಞಾನಿ ಕಾರ್ಡಿಯೋ, ತೂಕ ಎರಡನ್ನೂ ಒಟ್ಟಿಗೆ ಮಾಡಿಸಿದಾಗ, ಕೆಲವು ವಾರಗಳ ನಂತರ ಬಲ ಏರೋದು ನಿಂತಿತ್ತು. ಆದರೆ ಅವರು ವಾರಕ್ಕೆ 5 ದಿನ ಭಾರ ಎತ್ತಿಸಿ, 6 ದಿನ ಏದುಸಿರು ಬರೋ ಹಾಗೆ ಓಡಿಸಿ, ಸೈಕಲ್ ತುಳಿಸಿದ್ದರು. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, 2 ದಿನ ತೂಕ ಅನ್ನೋ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿರೋ ನಮಗೆ ಆ ಚಿಂತೆ ಯಾಕೆ?

ನಾನು ತೂಕ ಮೊದಲು, ನಡಿಗೆ ಆಮೇಲೆ ಮಾಡ್ತೀನಿ. ಸುಸ್ತಾದ ಕಾಲಲ್ಲಿ ಸ್ಕ್ವಾಟ್ (ಮಂಡಿ ಮಡಚಿ ಕೂತು ಏಳೋದು) ಕೆಟ್ಟದಾಗಿ ಬರುತ್ತೆ. ಶುರುವಿನಲ್ಲಿ ಕುರ್ಚಿ ಮೇಲೆ ಕೂತು ಏಳೋದು, ಗೋಡೆಗೆ ಕೈ ಕೊಟ್ಟು ಪುಶ್‌ಅಪ್. ನಡಿಗೆ ಎಷ್ಟು ಜೋರಿರಬೇಕು ಅಂದ್ರೆ, ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಇನ್ನೊಂದು ಮಾತು, ಯಾರೂ ಹೇಳದೇ ಇರೋದು: ಶೂಗಿಂತ ಮೊದಲು ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ತಗೊಳ್ಳಿ. ನಮ್ಮ ಸೈಜಿಗೆ ಊರಲ್ಲಿ ಹುಡುಕೋದೇ ಒಂದು ಕಾರ್ಡಿಯೋ.

ತೂಕ ಜಾಸ್ತಿ ಇಳಿದಿಲ್ಲ. ಚೂಡಿದಾರದ ಸೊಂಟ ಸಡಿಲ ಆಗಿದೆ, ಶ್ರವಣಬೆಳಗೊಳದ ಬೆಟ್ಟದ ಆರುನೂರು ಚಿಲ್ಲರೆ ಮೆಟ್ಟಿಲಿಗೆ ಮಂಡಿ ತಕರಾರು ಮಾಡಲಿಲ್ಲ. "ಎಷ್ಟು ಕೆಜಿ ಇಳೀತು?" ಅಂತ ಕೇಳೋರಿಗೆ ಈಗ ಟೇಪ್ ತೋರಿಸ್ತೀನಿ.

ಒಂದೇ ಸಿಟ್ಟು. ನಮ್ಮ ಜಿಮ್ಮಲ್ಲಿ ಲೇಡೀಸ್ ಬ್ಯಾಚ್ ಇಟ್ಟಿರೋದು ಬೆಳಿಗ್ಗೆ 11ಕ್ಕೆ. ಕೆಲಸಕ್ಕೆ ಹೋಗೋರು ಏನ್ ಮಾಡಬೇಕು? ಹಾಗಾಗಿ 6ಕ್ಕೇ ಹುಡುಗರ ಮಧ್ಯೆ ಹೋಗ್ತೀನಿ. ಹಾಸನದವರು ಯಾರಾದ್ರೂ ಬರೋ ಹಾಗಿದ್ರೆ ಮೆಸೇಜ್ ಮಾಡಿ. ಸ್ಕ್ವಾಟ್ ರ‍್ಯಾಕ್ ಹತ್ರ ಇಬ್ಬರು ನಿಂತರೆ ಬೇಗ ಜಾಗ ಬಿಡ್ತಾರೆ.