ನರ್ಸ್‌ಗಳಿಗೆ ಎಂಐ ತರಬೇತಿ: ಕೆಲಸ ಎಲ್ಲಿಗೆ ಬಂತು

ಕುಡಿತ ಬಿಡುವ ಬಗ್ಗೆ ಪೇಶೆಂಟ್‌ಗಳ ಜೊತೆ ಮಾತಾಡುವ ರೀತಿಯನ್ನು ನರ್ಸ್‌ಗಳಿಗೆ ಕಲಿಸುವ ಈ ತರಬೇತಿಯಲ್ಲಿ ಕಾರ್ಯಾಗಾರದ ಭಾಗ ಮುಗಿದಿದೆ. ಈಗ ಒಬ್ಬೊಬ್ಬ ನರ್ಸ್ ಜೊತೆ ಕೂತು ಅವರ ರೋಲ್ ಪ್ಲೇ ರೆಕಾರ್ಡಿಂಗ್ ಕೇಳುತ್ತಿದ್ದೇನೆ. ಮೊದಲಿಂದಲೂ ನನ್ನ ಲೆಕ್ಕ ಇದೇ: ಕಾರ್ಯಾಗಾರ ಚಿಕ್ಕದು, ಅದರ ನಂತರದ ಕೆಲಸ ದೊಡ್ಡದು. ಬರೀ ಕಾರ್ಯಾಗಾರದಲ್ಲಿ ಕಲಿತದ್ದು ನಿಲ್ಲುವುದು ಕಷ್ಟ, ಆಮೇಲೆ ಫೀಡ್‌ಬ್ಯಾಕ್, ಕೋಚಿಂಗ್ ಸಿಕ್ಕರೆ ಉಳಿಯುತ್ತದೆ ಅಂತ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ ಮತ್ತು ಅವರ ಜೊತೆಗಾರರು 2004ರ ಅಧ್ಯಯನದಲ್ಲೇ ತೋರಿಸಿದ್ದಾರೆ.

ಎಂಐ ಅಂದರೆ ಮೋಟಿವೇಶನಲ್ ಇಂಟರ್ವ್ಯೂಯಿಂಗ್, ಬದಲಾಗುವ ಮನಸ್ಸು ಪೇಶೆಂಟ್‌ಗೇ ಮೂಡುವ ಹಾಗೆ ಮಾತಾಡಿಸುವ ರೀತಿ. ಕುಡಿತದ ಸಮಸ್ಯೆ ಇರುವವರ ಜೊತೆ ಹೇಗೆ ಮಾತಾಡಬೇಕು ಅಂತ ಮಿಲ್ಲರ್ 1983ರಲ್ಲಿ ಬರೆದ ಒಂದು ಲೇಖನದಿಂದ ಇದು ಶುರುವಾಯಿತು. ಆಮೇಲೆ ಇನ್ನೊಬ್ಬ ಮನೋವಿಜ್ಞಾನಿ ಸ್ಟೀಫನ್ ರಾಲ್ನಿಕ್ ಕೂಡ ಸೇರಿಕೊಂಡರು. ಯಾಕೆ ಬಿಡಬೇಕು ಅನ್ನೋದು ಪೇಶೆಂಟ್ ಬಾಯಿಂದಲೇ ಬರಬೇಕು. ನಾವು ಬಿಡಿ ಅಂತ ವಾದಕ್ಕಿಳಿದರೆ ಅವರು ಕುಡಿತದ ಪರ ವಕಾಲತ್ತು ಶುರು ಮಾಡುತ್ತಾರೆ.

ಸದ್ಯಕ್ಕೆ ಹೆಚ್ಚು ಸಮಯ ಹಿಡಿಯುತ್ತಿರುವುದು ಬುದ್ಧಿಮಾತು ತಡೆದುಕೊಳ್ಳುವ ಅಭ್ಯಾಸ. ರಕ್ತ ಸುರಿದರೆ ಒತ್ತಿ ಹಿಡಿಯಬೇಕು, ಜ್ವರ ಬಂದರೆ ಇಳಿಸಬೇಕು. ನರ್ಸ್ ಆದವರ ಕೈಗೆ, ಬಾಯಿಗೆ ಇದೇ ರೂಢಿ. ತೊಂದರೆ ಕಂಡ ತಕ್ಷಣ ಸರಿಪಡಿಸೋಣ ಅನ್ನಿಸುತ್ತದೆ. ಅದು ಕಾಳಜಿಯಿಂದಲೇ ಬರುವುದು, ಹಾಗಾಗಿ ಅದನ್ನು ಬೈದು ಬಿಡಿಸೋಕೆ ಆಗಲ್ಲ.

ಒಂದು ರೋಲ್ ಪ್ಲೇ ಹೀಗಿತ್ತು. ಪೇಶೆಂಟ್ ಪಾತ್ರದವರು ಹೇಳಿದರು: "ನಾನೇನು ದಿನಾ ಕುಡಿಯಲ್ಲ ಸಿಸ್ಟರ್. ಮೈಕೈ ನೋವಿಗೆ ಸ್ವಲ್ಪ ಅಷ್ಟೇ. ಮಗಳೇ ಸುಮ್ನೆ ಮಾತು ಬಿಟ್ಟಿದ್ದಾಳೆ." ಮೊದಲ ಸಲ ಉತ್ತರ ಬಂದದ್ದು, "ಸ್ವಲ್ಪ ಆದ್ರೂ ಲಿವರ್ ಹಾಳಾಗುತ್ತೆ, ಗೊತ್ತಲ್ವಾ?" ಮಾತು ಅಲ್ಲಿಗೇ ನಿಂತಿತು. ರೆಕಾರ್ಡಿಂಗ್ ಕೇಳಿ, ಆ ಮೂರು ವಾಕ್ಯದಲ್ಲಿ ಯಾವುದನ್ನು ಹಿಡಿಯಬಹುದಿತ್ತು ಅಂತ ಇಬ್ಬರೂ ಹುಡುಕಿದೆವು. ಎರಡನೇ ಸಲ ಆ ಸಿಸ್ಟರ್ ಅಂದರು: "ಮಗಳು ಮಾತಾಡದೆ ಇರೋದು ನಿಮ್ಮನ್ನ ತುಂಬಾ ಕಾಡ್ತಿದೆ." ಪಾತ್ರದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಡಿದ ದಿನ ಅವಳು ರೂಮಿಂದ ಆಚೆನೇ ಬರಲ್ಲ" ಅಂದರು. ನಮಗೆ ಬೇಕಾದ ಮಾತು ಇದು. ಬದಲಾವಣೆಯ ಕಡೆ ವಾಲುವ ಇಂಥ ಮಾತು ಕಿವಿಗೆ ಬಿದ್ದಾಗ ಅಲ್ಲೇ ನಿಂತು ಇನ್ನೂ ಕೇಳಬೇಕು.

ಆ ಉತ್ತರ ಪ್ರಶ್ನೆಯಾಗಿರಲಿಲ್ಲ, ಗಮನಿಸಿ. ಪೇಶೆಂಟ್ ಹೇಳಿದ್ದನ್ನು, ಅಥವಾ ಹೇಳದೆ ಬಿಟ್ಟದ್ದನ್ನು, ನಾವು ಅರ್ಥ ಮಾಡಿಕೊಂಡ ಹಾಗೆ ವಾಪಸ್ ಹೇಳುವುದು. ಕೊನೆಯಲ್ಲಿ ದನಿ ಇಳಿಯಬೇಕು. "ಕಾಡ್ತಿದೆಯಾ?" ಅಂತ ಏರಿಸಿದರೆ ವಿಚಾರಣೆ ಆಗಿಬಿಡುತ್ತದೆ. ರೆಕಾರ್ಡಿಂಗ್‌ನಲ್ಲಿ ಕೇಳಿದ ಒಂದೊಂದು ಪ್ರಶ್ನೆಗೆ ಹೀಗೆ ವಾಪಸ್ ಹೇಳಿದ ಮಾತು ಒಂದಾದರೂ ಇದ್ದರೆ ಪರವಾಗಿಲ್ಲ, ಎರಡಿದ್ದರೆ ಒಳ್ಳೆಯದು ಅನ್ನೋದು ಈ ಕ್ಷೇತ್ರದಲ್ಲಿ ಬಳಸುವ ಅಳತೆ. ಶುರುವಿನ ರೆಕಾರ್ಡಿಂಗ್‌ಗಳಲ್ಲಿ ಪ್ರಶ್ನೆಗಳ ಮಳೆಯೇ ಇತ್ತು. ಈಗ ಕೆಲವರು ಸಮಕ್ಕೆ ಬಂದಿದ್ದಾರೆ. ನನಗೆ ತುಂಬಾ ಖುಷಿ ಕೊಟ್ಟ ವಿಷಯ ಇದು.

ಬೇಗ ಕೈ ಹಿಡಿದದ್ದು ಅಂಕದ ಪ್ರಶ್ನೆ. ಕುಡಿತ ಕಡಿಮೆ ಮಾಡೋದು ನಿಮಗೆ ಎಷ್ಟು ಮುಖ್ಯ, 0ಯಿಂದ 10ರಲ್ಲಿ ಹೇಳಿ ಅಂತ ಕೇಳುವುದು. 4 ಅಂದರೆ, "ಯಾಕೆ 8 ಅಲ್ಲ?" ಅಂತ ಬಾಯಿಗೆ ಬರುತ್ತದೆ. ಹಾಗೆ ಕೇಳಿದರೆ ಬಿಡದೆ ಇರೋಕೆ ಏನೇನು ಕಾರಣ ಅಂತ ಪಟ್ಟಿ ಬರುತ್ತದೆ ಅಷ್ಟೇ. "2 ಅನ್ನದೆ 4 ಅಂದ್ರಿ, ಯಾಕೆ?" ಅಂದಾಗ ಬಿಡೋಕೆ ಇರುವ ಕಾರಣ ಬರುತ್ತದೆ. ಬಿಪಿ ನೋಡುವಾಗ, ಡ್ರೆಸ್ಸಿಂಗ್ ಬದಲಿಸುವಾಗಲೂ ಇಷ್ಟು ಕೇಳಬಹುದು. ಟೈಮೇ ಇಲ್ಲ ಅನ್ನುತ್ತಿದ್ದವರಿಗೂ ಇದು ಹಿಡಿಸಿತು.

ಸ್ಕ್ರೀನಿಂಗ್‌ಗೆ ಕುಡಿತ ಎಷ್ಟಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನಾವಳಿ ಬಳಸುತ್ತಿದ್ದೇವೆ. 10 ಪ್ರಶ್ನೆ, 40 ಅಂಕ. 8 ಅಥವಾ ಜಾಸ್ತಿ ಬಂದರೆ ಅಪಾಯದ ಕುಡಿತ. ಇದರಲ್ಲಿ ಯಾರಿಗೂ ತೊಡಕಾಗಲಿಲ್ಲ.

ಇನ್ನೊಂದು ವಿಷಯವನ್ನು ಪ್ರತಿ ಸಲವೂ ಗಟ್ಟಿಯಾಗಿ ಹೇಳುತ್ತೇನೆ. ಪೇಶೆಂಟ್ "ನಾಳೆಯಿಂದ ಒಂದು ಹನಿಯೂ ಮುಟ್ಟಲ್ಲ" ಅಂದಾಗ ಖುಷಿಪಟ್ಟು ಸುಮ್ಮನಾಗಬಾರದು. ಬೆಳಗ್ಗೆ ಕೈ ನಡುಗುತ್ತದಾ, ಬೆವರು ಬರುತ್ತದಾ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ ಅಂತ ವಿಚಾರಿಸಿ ಡಾಕ್ಟರ್‌ಗೆ ತಿಳಿಸಲೇಬೇಕು. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಡೆಲಿರಿಯಂ (ತಲೆ ಗೊಂದಲವಾಗಿ, ಇಲ್ಲದ್ದೆಲ್ಲ ಕಾಣುವ ಸ್ಥಿತಿ) ಶುರುವಾದರೆ ಜೀವಕ್ಕೇ ಕುತ್ತು. ಬಿಡುವ ಮನಸ್ಸು ಬಂದವರನ್ನು ಸುರಕ್ಷಿತವಾಗಿ ಬಿಡಿಸುವುದೂ ಈ ತರಬೇತಿಯಲ್ಲೇ ಸೇರಿದೆ.

ಮುಂದಿನ ಸುತ್ತಿನಲ್ಲಿ ಮಾಹಿತಿ ಕೊಡುವ ರೀತಿ ಹೇಳಿಕೊಡಬೇಕು: ಮೊದಲು ಅವರಿಗೇನು ಗೊತ್ತು ಅಂತ ಕೇಳಿ, ಒಪ್ಪಿಗೆ ಪಡೆದು ಚಿಕ್ಕದಾಗಿ ಹೇಳಿ, ಏನನ್ನಿಸಿತು ಅಂತ ಮತ್ತೆ ಕೇಳುವುದು. ಜೊತೆಗೆ ಚೆನ್ನಾಗಿ ಕಲಿತ ಇಬ್ಬರು ಸಿಸ್ಟರ್‌ಗಳಿಗೆ ರೆಕಾರ್ಡಿಂಗ್ ಕೇಳಿ ಫೀಡ್‌ಬ್ಯಾಕ್ ಕೊಡುವುದನ್ನು ಕಲಿಸಲು ಶುರು ಮಾಡುತ್ತೇನೆ. ನೈಟ್ ಶಿಫ್ಟ್‌ನವರಿಗೆ ಕೋಚಿಂಗ್ ಸಿಗಬೇಕಾದರೆ ಅವರೇ ದಾರಿ.